ದಿನಕ್ಕೆ 2 ಜಿಬಿ ಸಿಮ್: ಅಳೆದು ನೋಡಿದರೆ 820 ಎಂಬಿ ಲೆಕ್ಕಕ್ಕೆ ಸಿಗುತ್ತಿಲ್ಲ, ಎಲ್ಲಿ ಹುಡುಕಬೇಕು?

ಪ್ರಶ್ನೆ
ಬರೆದವರು: ತೋಟದಮನೆ, ಹೊಳಲ್ಕೆರೆ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಮ್ಮ ತೋಟದ ಮನೆ ಊರಿನಿಂದ ಒಂದೂವರೆ ಕಿಲೋಮೀಟರ್ ಒಳಗಿದೆ. ಊರಿನವರೆಗೆ ಫೈಬರ್ ಬಂದಿದ್ದರೂ ಒಂದೇ ಮನೆಗಾಗಿ ಅಷ್ಟು ದೂರ ತಂತಿ ಎಳೆಯಲು ಯಾರೂ ಮುಂದೆ ಬಾರದ ಕಾರಣ, ಸಿಮ್ ಹಾಕುವ 4ಜಿ ರೂಟರೊಂದನ್ನು ತಂದು ಮಹಡಿಯ ಕಿಟಕಿಯಲ್ಲಿಟ್ಟು ಎರಡು ವರ್ಷಗಳಿಂದ ಅದರಲ್ಲೇ ಸಂಭಾಳಿಸಿಕೊಂಡು ಬಂದಿದ್ದೇವೆ. ಸಿಮ್ಮಿಗೆ ಹಾಕಿಸಿರುವುದು ದಿನಕ್ಕೆ 2 ಜಿಬಿ ಕೊಡುವ ಪ್ಲಾನು. ಮಿತಿ ಮುಗಿದ ಮೇಲೆ ಸಂಪರ್ಕ ಕಡಿದುಹೋಗುವುದಿಲ್ಲ, ಆದರೆ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ನಾನು ಭೀಮಸಮುದ್ರದ ಅಡಿಕೆ ವ್ಯಾಪಾರಸ್ಥರೊಬ್ಬರ ಲೆಕ್ಕಪತ್ರ ನೋಡಿಕೊಳ್ಳುವವನು. ಆ ವೇಗದಲ್ಲಿ ಜಿಎಸ್‌ಟಿ ಪುಟ ತೆರೆಯಲು ಕುಳಿತರೆ ಮುಂದಿಟ್ಟ ಕಾಫಿ ಆರಿ ತಣ್ಣಗಾದರೂ ಲಾಗಿನ್ ಪೆಟ್ಟಿಗೆ ಕಾಣಿಸುವುದಿಲ್ಲ.

ಮೊದಲೆಲ್ಲ ರಾತ್ರಿ ಹತ್ತರವರೆಗೂ ಸಾಕಾಗುತ್ತಿದ್ದ 2 ಜಿಬಿ ಕಳೆದ ಮೂರು ವಾರಗಳಿಂದ ಸಂಜೆ ನಾಲ್ಕಕ್ಕೇ ತಳ ಕಾಣುತ್ತಿದೆ. ನಮ್ಮದೇ ಬಳಕೆ ಹೆಚ್ಚಾಗಿರಬಹುದೆಂದು ಸೋಮವಾರ ಪೆನ್ನು ಪುಸ್ತಕ ಹಿಡಿದು ಕುಳಿತು ಅಳೆದೆ. ಬೆಳಿಗ್ಗೆ 7ಕ್ಕೊಮ್ಮೆ, ಸಂಜೆ 4ಕ್ಕೊಮ್ಮೆ ಫೋನ್‌ಗಳ ಸೆಟ್ಟಿಂಗ್ಸ್‌ಗೆ ಹೋಗಿ ವೈಫೈ ಬಳಕೆಯ ಅಂಕಿಗಳನ್ನು ಬರೆದುಕೊಂಡು ಒಂದರಿಂದ ಒಂದನ್ನು ಕಳೆದಾಗ ನನ್ನ ಫೋನ್ 410 ಎಂಬಿ, ಮನೆಯವರ ಫೋನ್ 350 ಎಂಬಿ ಬಳಸಿದ್ದವು. ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ 11 ಇದೆ; ಅದರ ಡೇಟಾ ಬಳಕೆಯ ಅಂಕಿಅಂಶವನ್ನು ಬೆಳಿಗ್ಗೆ ಸೊನ್ನೆಗೆ ತಂದಿದ್ದೆ, ಸಂಜೆ 420 ಎಂಬಿ ತೋರಿಸಿತು. ಮೂರೂ ಸೇರಿ 1,180 ಎಂಬಿ. ಕಂಪನಿಯ ಆ್ಯಪ್ ಮಾತ್ರ ಶೇ 100 ಮುಗಿದಿದೆ ಎನ್ನುತ್ತದೆ. ಹಾಗಾದರೆ ಉಳಿದ 820 ಎಂಬಿ ಎಲ್ಲಿ ಹೋಯಿತು? ಕ್ವಿಂಟಲ್‌ಗೆ 41 ಕೆಜಿ ತೂಕ ಕಡಿಮೆ ಬಂದರೆ ಯಾವ ಮಂಡಿಯಲ್ಲೂ ಸುಮ್ಮನೆ ಬಿಡುವುದಿಲ್ಲ.

ಕಂಪನಿಯವರ ಲೆಕ್ಕ ತಪ್ಪಿರಬಹುದೇ, ನಾನು ಅಳೆದ ಕ್ರಮ ತಪ್ಪೇ, ಅಥವಾ ಇದಕ್ಕೆ ಬೇರೆ ಯಾವುದಾದರೂ ತಂತ್ರಾಂಶ ಬೇಕೇ ಎಂಬುದನ್ನು ತಿಳಿದವರು ಹೇಳಬೇಕೆಂದು ವಿನಂತಿ.

ಉತ್ತರ 1
ಬರೆದವರು: ವಿದ್ಯಾನಗರ, ದಾವಣಗೆರೆ

ಕಾಲೇಜೊಂದರ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವ ಕೆಲಸ ನನ್ನದು. ಡೇಟಾ ಕಾಣೆಯಾಯಿತೆಂಬ ದೂರು ವಾರಕ್ಕೊಮ್ಮೆಯಾದರೂ ನನ್ನ ಮೇಜಿಗೆ ಬರುತ್ತದೆ. ನೀವು ಅಂಕಿಗಳನ್ನು ಬರೆದುಕೊಂಡು ಬಂದಿರುವುದರಿಂದಲೇ ಅರ್ಧ ಕೆಲಸ ಹಗುರವಾಗಿದೆ. ಆದರೆ ಅಳತೆಯಲ್ಲಿ ಎರಡು ತಪ್ಪುಗಳಿವೆ ಎಂದು ಹೇಳಲೇಬೇಕು.

ಮೊದಲನೆಯದು ಕಾಲದ ತಪ್ಪು. ದಿನದ ಮಿತಿಯ ಪ್ಲಾನುಗಳಲ್ಲಿ ಹೊಸ ದಿನ ಶುರುವಾಗುವುದು ನಡುರಾತ್ರಿ 12ಕ್ಕೆ. ನೀವು ಅಳತೆ ಶುರು ಮಾಡಿದ್ದು ಬೆಳಿಗ್ಗೆ 7ಕ್ಕೆ. ಆ ಏಳು ಗಂಟೆಗಳಲ್ಲಿ ಎಷ್ಟು ಖರ್ಚಾಯಿತೆಂಬುದು ನಿಮ್ಮ ಪುಸ್ತಕದಲ್ಲಿಲ್ಲ, ಕಂಪನಿಯ ಪುಸ್ತಕದಲ್ಲಿದೆ. ಎಲ್ಲರೂ ಮಲಗಿರುವಾಗ ಏನು ಖರ್ಚಾದೀತು ಎಂದು ನಿಮಗೆ ಅನ್ನಿಸಬಹುದು. ಆದರೆ ಫೋನ್‌ಗಳು ಆ್ಯಪ್‌ಗಳ ಅಪ್‌ಡೇಟನ್ನೂ ಫೋಟೋಗಳ ಬ್ಯಾಕಪ್ಪನ್ನೂ ಮಾಡಿಕೊಳ್ಳುವುದು ಬಹುಮಟ್ಟಿಗೆ ಚಾರ್ಜಿಗಿಟ್ಟು ಸುಮ್ಮನಿರುವ ಹೊತ್ತಿನಲ್ಲೇ.

ಎರಡನೆಯದು ಜಾಗದ ತಪ್ಪು. ಮಿತಿ ಇರುವುದು ಸಿಮ್ಮಿಗೆ, ಅಳೆದದ್ದು ಫೋನ್ ಮತ್ತು ಲ್ಯಾಪ್‌ಟಾಪ್‌ಗಳಲ್ಲಿ. ತೂಬಿನಲ್ಲಿ ಹೊರಟ ನೀರೆಷ್ಟು ಎಂದು ತಿಳಿಯಬೇಕಾದರೆ ತೂಬಿನ ಬಾಯಲ್ಲೇ ಅಳೆಯಬೇಕೇ ಹೊರತು ನಿಮಗೆ ನೆನಪಿರುವ ಮೂರು ಗದ್ದೆಗಳಲ್ಲಿ ಅಳೆದು ಕೂಡಿಸಿದರೆ ನೆನಪಿಗೆ ಬಾರದ ನಾಲ್ಕನೆಯ ಗದ್ದೆ ಲೆಕ್ಕದಿಂದ ಬಿಟ್ಟೇಹೋಗುತ್ತದೆ. ರೂಟರ್‌ನ ಆಡಳಿತ ಪುಟವನ್ನು ಲ್ಯಾಪ್‌ಟಾಪ್‌ನಲ್ಲಿ ತೆರೆಯಿರಿ. ಅದರ ವಿಳಾಸವೂ ಪಾಸ್‌ವರ್ಡೂ ಸಾಮಾನ್ಯವಾಗಿ ರೂಟರ್‌ನ ಅಡಿಯಲ್ಲಿ ಚೀಟಿಯಂತೆ ಅಂಟಿರುತ್ತವೆ. ಅಲ್ಲಿ ಸ್ಟ್ಯಾಟಿಸ್ಟಿಕ್ಸ್ ಎಂಬ ಹೆಸರಿನಲ್ಲಿ ಕಳಿಸಿದ ಡೇಟಾ, ಪಡೆದ ಡೇಟಾ ಎಂದು ಎರಡು ಅಂಕಿಗಳು ಬೇರೆ ಬೇರೆಯಾಗಿ ಇರುತ್ತವೆ. ಎರಡನ್ನೂ ಬರೆದುಕೊಳ್ಳಿ, ಕೂಡಿಸಿಬಿಡಬೇಡಿ. ಮಿತಿಗೆ ಎರಡರ ಮೊತ್ತವೇ ಲೆಕ್ಕ, ಆದರೆ ಕಾರಣ ಹುಡುಕುವಾಗ ಅವು ಬೇರೆಬೇರೆಯಾಗಿ ಇದ್ದರೆ ಮಾತ್ರ ಉಪಯೋಗ. ಅದೇ ಪುಟದಲ್ಲಿ ಈಗ ವೈಫೈಗೆ ಅಂಟಿಕೊಂಡಿರುವ ಸಾಧನಗಳ ಪಟ್ಟಿಯೂ ಸಿಗುತ್ತದೆ. ಅದು ಮೂರೇ ಇದೆಯೇ ಎಂದು ನೋಡಿ.

ಏಕಮಾನದ ಗೊಂದಲವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಯಾರಾದರೂ ಅದನ್ನೇ ಕಾರಣವೆಂದು ಹೇಳಬಹುದು. 2 ಜಿಬಿ ಎಂದರೆ ಕೆಲವರ ಲೆಕ್ಕದಲ್ಲಿ 200 ಕೋಟಿ ಬೈಟು. ಸಾವಿರದ ಬದಲು 1,024ರಿಂದ ಗುಣಿಸುವವರ ಲೆಕ್ಕದಲ್ಲಿ 214 ಕೋಟಿ 74 ಲಕ್ಷಕ್ಕೂ ಹೆಚ್ಚು. ಎರಡರ ನಡುವಿನ ವ್ಯತ್ಯಾಸ ಶೇ 7ರ ಆಸುಪಾಸು. ಇನ್ನು ನಾವು ಡೌನ್‌ಲೋಡ್ ಮಾಡುವ ಕಡತ ಪ್ಯಾಕೆಟ್‌ಗಳಾಗಿ ಒಡೆದು ಬರುತ್ತದೆ. ಸಾಮಾನ್ಯವಾಗಿ 1,500 ಬೈಟ್‌ಗಳ ಒಂದು ಪ್ಯಾಕೆಟ್‌ನಲ್ಲಿ 40 ಬೈಟ್‌ನಷ್ಟು ಬರೀ ವಿಳಾಸ, ಕ್ರಮಸಂಖ್ಯೆಗಳಿಗೇ ಹೋಗುತ್ತದೆ. ಹಾಗಾಗಿ 100 ಎಂಬಿಯ ಕಡತಕ್ಕೆ 103 ಎಂಬಿಯಷ್ಟು ಖರ್ಚು ಬೀಳುವುದು ಸಹಜ. ಗೋಣಿಚೀಲದ ತೂಕವನ್ನೂ ತಕ್ಕಡಿ ತೋರಿಸುತ್ತದಲ್ಲ, ಹಾಗೆ. ಇವೆಲ್ಲ ಸೇರಿದರೂ ನೂರೋ ಇನ್ನೂರೋ ಎಂಬಿಯ ವ್ಯತ್ಯಾಸ ಬಂದೀತು, 820 ಬರುವುದಿಲ್ಲ.

ಇನ್ನೊಂದು ವಿಷಯ. ಮಿತಿಯ ಶೇ 50, ಶೇ 90 ಮತ್ತು ಶೇ 100 ಮುಟ್ಟಿದಾಗ ಗ್ರಾಹಕರಿಗೆ ತಿಳಿಸಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ ನಿಯಮವಿದೆ. ನಿಮಗೆ ಆ ಸಂದೇಶಗಳು ಬರುತ್ತಿವೆಯೇ? ಬರುತ್ತಿಲ್ಲವಾದರೆ ಅವು ಸಿಮ್ ಎಲ್ಲಿದೆಯೋ ಅಲ್ಲಿಗೆ, ಅಂದರೆ ರೂಟರ್‌ಗೆ ಬಂದು ಬಿದ್ದಿರುತ್ತವೆ. ಬಹಳಷ್ಟು 4ಜಿ ರೂಟರ್‌ಗಳ ಆಡಳಿತ ಪುಟದಲ್ಲಿ ಎಸ್ಸೆಮ್ಮೆಸ್ ಪೆಟ್ಟಿಗೆ ಇರುತ್ತದೆ. ಪ್ರತಿ ಸಂದೇಶದ ಮೇಲೂ ಗಂಟೆ ನಿಮಿಷ ನಮೂದಾಗಿರುವುದರಿಂದ ಅದು ಕಂಪನಿಯವರೇ ಬರೆದಿಟ್ಟ ಅಳತೆ ಪುಸ್ತಕ ಎಂದೇ ತಿಳಿಯಿರಿ.

ಉತ್ತರ 2
ಬರೆದವರು: ಜೋಗಿಮಟ್ಟಿ ರಸ್ತೆ, ಚಿತ್ರದುರ್ಗ

ಮೇಲಿನವರು ಹೇಳಿದ್ದರಲ್ಲಿ ತಪ್ಪಿಲ್ಲ, ಆದರೆ ಲೆಕ್ಕ ಬರೆಯುವವರ ಕೈಗೆ ಇನ್ನಷ್ಟು ಲೆಕ್ಕ ಕೊಟ್ಟಂತಾಯಿತು. ನನ್ನ ಅನುಭವದಲ್ಲಿ ಇಷ್ಟೆಲ್ಲ ಬೇಕಾಗುವುದಿಲ್ಲ. ಒಂದೊಂದೇ ಸಾಧನದ ವೈಫೈ ಆರಿಸಿ, ಒಂದು ಗಂಟೆ ಬಿಟ್ಟು ರೂಟರ್‌ನ ಅಂಕಿ ನೋಡಿ. ಯಾವುದನ್ನು ಆರಿಸಿದಾಗ ಅಂಕಿ ಏರುವುದು ನಿಲ್ಲುತ್ತದೋ ಅದೇ ಕಳ್ಳ. ಬಾಡಿಗೆ ಮನೆಗಳಲ್ಲಿ ಕರೆಂಟ್ ಮೀಟರ್ ಓಡುವುದನ್ನು ಕಂಡುಹಿಡಿಯುವುದೂ ಹೀಗೆಯೇ. ಫ್ಯಾನು, ಫ್ರಿಜ್ಜು, ಪಂಪು ಒಂದೊಂದಾಗಿ ನಿಲ್ಲಿಸುತ್ತಾ ಹೋಗುವುದು.

ಇದರ ಜೊತೆಗೆ ಒಂದು ಕೆಲಸವನ್ನು ಇವತ್ತೇ ಮಾಡಿ. ವೈಫೈ ಸಿಕ್ಕಿತೆಂದರೆ ಫೋನ್‌ಗಳು ಅದನ್ನು ಪುಕ್ಕಟೆ ಎಂದೇ ಭಾವಿಸುತ್ತವೆ. ವೈಫೈ ಇದ್ದಾಗ ಮಾತ್ರ ಅಪ್‌ಡೇಟ್ ಮಾಡು, ವೈಫೈ ಇದ್ದಾಗ ಮಾತ್ರ ಬ್ಯಾಕಪ್ ಮಾಡು ಎಂದು ಡೇಟಾ ಉಳಿಸಲು ಹಾಕಿಕೊಂಡ ನಿಯಮಗಳೇ ನಿಮ್ಮಂಥವರ ಮನೆಯಲ್ಲಿ ಬೆನ್ನಿಗೆ ಬೀಳುತ್ತವೆ, ಏಕೆಂದರೆ ನಿಮ್ಮ ವೈಫೈ ಹಿಂದೆ ಇರುವುದೂ ಅಳೆದು ಕೊಡುವ ಸಿಮ್ಮೇ. ಆಂಡ್ರಾಯ್ಡ್ ಫೋನ್‌ನಲ್ಲಿ ಆ ವೈಫೈ ಹೆಸರನ್ನು ತೆರೆದು, ಅದನ್ನು ಮೀಟರ್ಡ್, ಅಂದರೆ ಅಳತೆಯ ಮಿತಿಯುಳ್ಳದ್ದು, ಎಂದು ಪರಿಗಣಿಸುವಂತೆ ಬದಲಿಸಿ. ವಿಂಡೋಸ್‌ನಲ್ಲೂ ಅದೇ ಹೆಸರಿನ ಗುಂಡಿ ಇದೆ. ಒತ್ತಿದರೆ ದೊಡ್ಡ ಅಪ್‌ಡೇಟ್‌ಗಳು ಬಹುತೇಕ ನಿಲ್ಲುತ್ತವೆ. ಅಲ್ಲೇ ಡೆಲಿವರಿ ಆಪ್ಟಿಮೈಸೇಶನ್ ಎಂಬುದನ್ನು ಹುಡುಕಿ ಆರಿಸಿ. ಅದು ನಿಮ್ಮ ಲ್ಯಾಪ್‌ಟಾಪ್‌ಗೆ ಇಳಿದ ಅಪ್‌ಡೇಟನ್ನು ಬೇರೆ ಕಂಪ್ಯೂಟರ್‌ಗಳಿಗೂ ಹಂಚಬಲ್ಲ ವ್ಯವಸ್ಥೆ. ಸೆಟ್ಟಿಂಗ್ ಹಾಗಿದ್ದರೆ ಇಂಟರ್ನೆಟ್‌ನಲ್ಲಿರುವ ಅಪರಿಚಿತರಿಗೂ ಹಂಚುತ್ತದೆ. ದಾನ ಒಳ್ಳೆಯದೇ, ಆದರೆ 2 ಜಿಬಿಯವರು ಮಾಡುವ ದಾನವಲ್ಲ ಅದು.

ಉತ್ತರ 3
ಬರೆದವರು: ವಿದ್ಯಾನಗರ, ದಾವಣಗೆರೆ

ಒಂದೊಂದಾಗಿ ಆರಿಸುವ ಉಪಾಯಕ್ಕೆ ನನ್ನ ವಿರೋಧವಿಲ್ಲ, ಆದರೆ ಅದು ಕೊನೆಯ ಹೆಜ್ಜೆ. ಫ್ರಿಜ್ಜು ಹಗಲೂ ರಾತ್ರಿ ಒಂದೇ ಲಯದಲ್ಲಿ ಓಡುತ್ತದೆ. ಇಂಟರ್ನೆಟ್ ಬಳಸುವ ಸಾಧನಗಳು ಹಾಗಲ್ಲ. ಮಧ್ಯಾಹ್ನ ಎರಡು ಗಂಟೆಗೆ ಫೋನಿನ ವೈಫೈ ಆರಿಸಿ ನೋಡಿ ಇದು ಸಂಭಾವಿತ ಎಂದು ತೀರ್ಪು ಕೊಟ್ಟರೆ, ಅದೇ ಫೋನ್ ರಾತ್ರಿ ಎರಡಕ್ಕೆ ಅರ್ಧ ಜಿಬಿ ವಿಡಿಯೊ ಬ್ಯಾಕಪ್ ಮಾಡುತ್ತಿರಬಹುದು. ಮೊದಲು ಯಾವ ಹೊತ್ತಿನಲ್ಲಿ ಖರ್ಚಾಗುತ್ತಿದೆ, ಬರುವ ದಿಕ್ಕಿನಲ್ಲೋ ಹೋಗುವ ದಿಕ್ಕಿನಲ್ಲೋ ಎಂಬುದು ಗೊತ್ತಾಗಲಿ. ಆಮೇಲೆ ಆರಿಸುವುದಕ್ಕೆ ಅರ್ಥ ಬರುತ್ತದೆ.

ಉತ್ತರ 4
ಬರೆದವರು: ಶೇಂಗಾ ಹೊಲ, ಚಳ್ಳಕೆರೆ

ರೂಟರ್‌ನ ಅಂಕಿಯನ್ನು ನಂಬುವ ಮೊದಲು ಅದರ ಒಂದು ದುರ್ಗುಣ ತಿಳಿದಿರಲಿ. ಕರೆಂಟ್ ಹೋಗಿ ಬಂದರೆ ಹಲವು ರೂಟರ್‌ಗಳಲ್ಲಿ ಆ ಎಣಿಕೆ ಸೊನ್ನೆಯಿಂದ ಮತ್ತೆ ಶುರುವಾಗುತ್ತದೆ. ನಮ್ಮ ಕಡೆ ಕರೆಂಟಿನ ಸಂಗತಿ ನಿಮಗೆ ಹೇಳಬೇಕಾಗಿಲ್ಲ. ರೂಟರ್‌ಗೆಂದೇ ಬರುವ 12 ವೋಲ್ಟ್‌ನ ಚಿಕ್ಕ ಯುಪಿಎಸ್ ಒಂದನ್ನು ಹಾಕಿದ ಮೇಲೆಯೇ ನನ್ನ ಅಳತೆಗೆ ಒಂದು ಬೆಲೆ ಬಂದದ್ದು. ಅದಿಲ್ಲವಾದರೆ ಸಂಪರ್ಕದ ಅವಧಿ ಎಂಬ ಅಂಕಿಯನ್ನೂ ಜೊತೆಗೆ ಬರೆದುಕೊಳ್ಳಿ. ಅದು ನಿಮ್ಮ ನಿರೀಕ್ಷೆಗಿಂತ ಚಿಕ್ಕದಾಗಿದ್ದರೆ ನಡುವೆ ರೂಟರ್ ಒಮ್ಮೆ ಸತ್ತು ಹುಟ್ಟಿದೆ ಎಂದರ್ಥ.

ಇನ್ನೊಂದು ವಿಚಿತ್ರವನ್ನು ನಾನೇ ಅನುಭವಿಸಿದ್ದೇನೆ. ನನ್ನ ಹಳೆಯ ರೂಟರ್‌ನಲ್ಲಿ ಎಣಿಕೆ 4 ಜಿಬಿ ದಾಟುತ್ತಿದ್ದಂತೆಯೇ ಇದ್ದಕ್ಕಿದ್ದಂತೆ ಕೆಲವೇ ಎಂಬಿಗೆ ಇಳಿದುಬಿಡುತ್ತಿತ್ತು. ಕರೆಂಟು ಹೋಗಿಲ್ಲ, ಯಾರೂ ಮುಟ್ಟಿಲ್ಲ. ಎರಡು ತಿಂಗಳು ನನ್ನ ಬಳಕೆ ತಿಂಗಳಿಗೆ 3 ಜಿಬಿ ಮಾತ್ರ ಎಂದು ನೆಮ್ಮದಿಯಿಂದಿದ್ದೆ, ಕಂಪನಿಯವರೊಡನೆ ಜಗಳವನ್ನೂ ಆಡಿದ್ದೆ. ಕಾರಣ ಇಷ್ಟೇ: ಆ ರೂಟರ್ 32 ಬಿಟ್‌ಗಳಲ್ಲಿ ಎಣಿಸುತ್ತಿತ್ತು, ಅಷ್ಟರಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 4,29,49,67,295. ಅದಕ್ಕೊಂದು ಸೇರಿದರೆ ಹಳೆಯ ಸ್ಕೂಟರ್‌ಗಳ ಕಿಲೋಮೀಟರ್ ಅಂಕಿಯಂತೆ ಎಲ್ಲವೂ ಸುತ್ತಿಕೊಂಡು ಸೊನ್ನೆ. ಹೊಸ ಸಾಧನಗಳಲ್ಲಿ 64 ಬಿಟ್ ಎಣಿಕೆ ಇರುವುದರಿಂದ ಈ ತೊಂದರೆ ಅಪರೂಪ. ನಿಮ್ಮದು ದಿನಕ್ಕೆ 2 ಜಿಬಿಯಾದ್ದರಿಂದ ದಿನವೂ ಸೊನ್ನೆಗೆ ತಂದರೆ ಆ ಭಯವೇ ಇಲ್ಲ.

ತಂತ್ರಾಂಶ ಬೇಕೇ ಎಂದು ಕೇಳಿದ್ದೀರಿ. ಕಂಪ್ಯೂಟರಿನಲ್ಲಿ ವಿಂಡೋಸ್ ಬದಲು ಲಿನಕ್ಸ್ ಬಳಸುವವರಿಗೆ ವಿಎನ್‌ಸ್ಟ್ಯಾಟ್ ಎಂಬ ತಂತ್ರಾಂಶಕ್ಕಿಂತ ಸರಳವಾದದ್ದನ್ನು ನಾನು ಕಂಡಿಲ್ಲ. ಅದು ಒಂದೊಂದು ಪ್ಯಾಕೆಟನ್ನೂ ಹಿಡಿದು ಬಿಚ್ಚಿ ನೋಡುವುದಿಲ್ಲ. ಲಿನಕ್ಸ್‌ನ ತಿರುಳು (ಕರ್ನಲ್) ತಾನಾಗಿಯೇ ಇಟ್ಟುಕೊಂಡಿರುವ ಎಣಿಕೆಯನ್ನು ಆಗಾಗ ಓದಿ, ಐದು ನಿಮಿಷ, ಗಂಟೆ, ದಿನ, ತಿಂಗಳುಗಳ ಲೆಕ್ಕದಲ್ಲಿ ತನ್ನ ಖಾತೆಗೆ ಬರೆದಿಟ್ಟುಕೊಳ್ಳುತ್ತದೆ. ಹಾಗಾಗಿ ಯಂತ್ರಕ್ಕೆ ಭಾರವಿಲ್ಲ, ಕಂಪ್ಯೂಟರ್ ಮುಚ್ಚಿ ತೆರೆದರೂ ಹಳೆಯ ಲೆಕ್ಕ ಅಳಿಯುವುದಿಲ್ಲ. ತಿಂಗಳು ಯಾವ ತಾರೀಖಿನಿಂದ ಶುರುವಾಗಬೇಕೆಂದೂ ಹೇಳಿಡಬಹುದು, ಆದರೆ 28 ದಿನಗಳ ರೀಚಾರ್ಜ್ ಮಾಡಿಸುವವರಿಗೆ ಅದರಿಂದ ಪ್ರಯೋಜನವಿಲ್ಲ. ಪ್ರತಿ ಸಲವೂ ತಾರೀಖು ಹಿಂದೆ ಸರಿಯುತ್ತಾ ಹೋಗುತ್ತದೆ. ಯಾವ ಪ್ರೋಗ್ರಾಂ ಎಷ್ಟು ತಿನ್ನುತ್ತಿದೆ ಎಂದು ಆ ಕ್ಷಣದಲ್ಲಿ ನೋಡಲು ನೆಟ್‌ಹಾಗ್ಸ್ ಎಂಬ ಇನ್ನೊಂದಿದೆ.

ಇವೆರಡೂ ಆ ಒಂದು ಕಂಪ್ಯೂಟರಿನ ಲೆಕ್ಕವನ್ನಷ್ಟೇ ಕೊಡುತ್ತವೆ. ಇಡೀ ಮನೆಯ ಲೆಕ್ಕ ಸಾಧನವಾರು ಬೇಕೆಂದರೆ ಓಪನ್‌ಡಬ್ಲ್ಯುಆರ್‌ಟಿ ಎಂಬ ರೂಟರ್ ತಂತ್ರಾಂಶ ಹಾಕಿದ ರೂಟರ್‌ನಲ್ಲಿ ಎನ್‌ಎಲ್‌ಬಿಡಬ್ಲ್ಯುಮಾನ್ ಎಂಬುದು ಅಚ್ಚುಕಟ್ಟಾಗಿ ಬೇರ್ಪಡಿಸಿ ಕೊಡುತ್ತದೆ. ಆದರೆ ಕೆಲಸ ಮಾಡುತ್ತಿರುವ, ಮನೆಯಲ್ಲಿರುವ ಒಂದೇ ರೂಟರ್‌ನ ತಂತ್ರಾಂಶ ಬದಲಿಸಲು ಹೋಗಬೇಡಿ. ನಡುವೆ ಕರೆಂಟ್ ಹೋದರೆ ಅದು ಕಿಟಕಿಯ ಮೇಲೆ ಕಾಗದ ಹಾರದಂತೆ ಇಡುವ ಭಾರವಾಗಿ ಉಳಿಯುತ್ತದೆ.

ಪ್ರಶ್ನೆ ಕೇಳಿದವರಿಂದ
ಬರೆದವರು: ತೋಟದಮನೆ, ಹೊಳಲ್ಕೆರೆ ತಾಲ್ಲೂಕು

ಎಲ್ಲರಿಗೂ ಧನ್ಯವಾದ. ನಿನ್ನೆ ರಾತ್ರಿ ಅಲಾರಂ ಇಟ್ಟು ಎದ್ದು ಅಳೆದಿದ್ದೇನೆ, ಅಂಕಿಗಳು ಹೀಗಿವೆ.

ರಾತ್ರಿ 12 ಹೊಡೆಯುತ್ತಿದ್ದಂತೆ ರೂಟರ್‌ನ ಎಣಿಕೆ ಸೊನ್ನೆಗೆ ತಂದೆ. ಲ್ಯಾಪ್‌ಟಾಪ್ ಪೂರ್ತಿ ಮುಚ್ಚಿತ್ತು, ಎರಡೂ ಫೋನ್‌ಗಳು ಚಾರ್ಜಿನಲ್ಲಿದ್ದವು. ಬೆಳಿಗ್ಗೆ 6ಕ್ಕೆ ನೋಡಿದರೆ ಪಡೆದದ್ದು 38 ಎಂಬಿ, ಕಳಿಸಿದ್ದು 604 ಎಂಬಿ. ಮನೆಮಂದಿಯೆಲ್ಲ ಮಲಗಿದ್ದಾಗಲೇ 642 ಎಂಬಿ ಹೋಗಿದೆ! ನನ್ನ ಕಣ್ಣನ್ನೇ ನಂಬಲಾಗದೆ ಮತ್ತೊಮ್ಮೆ ಪುಟ ತೆರೆದೆ. ಅಷ್ಟರಲ್ಲಿ ಇನ್ನೂ ಒಂದೂವರೆ ಎಂಬಿ ಏರಿತ್ತು.

ಎಸ್ಸೆಮ್ಮೆಸ್ ಪೆಟ್ಟಿಗೆಯ ವಿಷಯ ಹೇಳಿದ್ದಕ್ಕೆ ವಿಶೇಷ ಧನ್ಯವಾದ. ಅಲ್ಲಿ ಓದದ ಸಂದೇಶಗಳು 61 ಇದ್ದವು. ಇಷ್ಟು ದಿನ ಕಂಪನಿಯವರು ಎಚ್ಚರಿಕೆಯನ್ನೇ ಕಳಿಸುವುದಿಲ್ಲ ಎಂದು ಎಲ್ಲರ ಮುಂದೆ ಬೈಯುತ್ತಿದ್ದೆ. ಪಾಪ, ಅವರು ಕಳಿಸುತ್ತಲೇ ಇದ್ದರು, ಓದಿಕೊಳ್ಳುತ್ತಿದ್ದದ್ದು ರೂಟರ್. ಹಿಂದಿನ ತಿಂಗಳು ಶೇ 50ರ ಸಂದೇಶ ಮಧ್ಯಾಹ್ನ ಎರಡು ಮೂರು ಗಂಟೆಗೆ ಬರುತ್ತಿದ್ದದ್ದು ಈಚೆಗೆ ಬೆಳಿಗ್ಗೆ ಒಂಬತ್ತೂವರೆ, ಹತ್ತಕ್ಕೆಲ್ಲ ಬಂದಿದೆ. ಇವತ್ತು ಶೇ 100ರ ಸಂದೇಶ ಬಂದದ್ದು 3 ಗಂಟೆ 52 ನಿಮಿಷಕ್ಕೆ, ಆಗ ರೂಟರ್ ತೋರಿಸುತ್ತಿದ್ದದ್ದು ಒಟ್ಟು 2,031 ಎಂಬಿ. ಹಾಗಾಗಿ ಕಂಪನಿಯ ಲೆಕ್ಕದ ಮೇಲೆ ನಾನು ಮಾಡಿದ ಅನುಮಾನವನ್ನು ಹಿಂತೆಗೆದುಕೊಳ್ಳುತ್ತೇನೆ. ಆದರೆ ಈ 2,031 ಎಂಬುದು 2,000ಕ್ಕೂ ಹೊಂದುವುದಿಲ್ಲ, 2,048ಕ್ಕೂ ಹೊಂದುವುದಿಲ್ಲ. ಅದು ಯಾಕೆ?

ಸಾಧನಗಳ ಪಟ್ಟಿಯಲ್ಲಿ ಐದು ಇವೆ. ಎರಡು ಫೋನು, ಲ್ಯಾಪ್‌ಟಾಪು, ಹಬ್ಬಕ್ಕೊಮ್ಮೆ ಹಚ್ಚುವ ಟಿವಿ. ಐದನೆಯದಕ್ಕೆ ಹೆಸರೇ ಇಲ್ಲ, ಅಕ್ಷರ ಅಂಕಿಗಳ ಆರು ಜೋಡಿಗಳು ಮಾತ್ರ ಇವೆ. ಪಕ್ಕದ ತೋಟದವರು ನಮ್ಮ ಪಾಸ್‌ವರ್ಡ್ ತಿಳಿದುಕೊಂಡಿದ್ದಾರೆಯೇ ಎಂಬ ಶಂಕೆ ಮನೆಯಲ್ಲಿ ಎದ್ದಿದೆ.

ಉತ್ತರ 5
ಬರೆದವರು: ವಿದ್ಯಾನಗರ, ದಾವಣಗೆರೆ

ನೆರೆಯವರ ಮೇಲೆ ಶಂಕೆ ಪಡುವ ಮೊದಲು ಆ 604 ಮತ್ತು 38ನ್ನು ಇನ್ನೊಮ್ಮೆ ನೋಡಿ. ಕದ್ದು ವೈಫೈ ಬಳಸುವವರು ವಿಡಿಯೊ ನೋಡುತ್ತಾರೆ, ಹಾಡು ಇಳಿಸಿಕೊಳ್ಳುತ್ತಾರೆ; ಅಂಥ ಕಡೆ ಪಡೆದ ಡೇಟಾ ಬೆಟ್ಟದಷ್ಟು, ಕಳಿಸಿದ್ದು ಸಾಸಿವೆಯಷ್ಟು ಇರುತ್ತದೆ. ನಿಮ್ಮದು ತಿರುಗುಮುರುಗಾಗಿದೆ. ರಾತ್ರಿಯಿಡೀ ನಿಮ್ಮ ಮನೆಯಿಂದ ಏನೋ ಹೊರಗೆ ಹೋಗುತ್ತಿದೆ. ಫೋಟೋ ಬ್ಯಾಕಪ್ ಆಗಿದ್ದರೆ ಇಂದಲ್ಲ ನಾಳೆ ಮುಗಿಯಬೇಕು, ಮೂರು ವಾರ ಹಿಡಿಯುವುದಿಲ್ಲ. ವಿಂಡೋಸ್ ಇರಬಹುದೇ ಎಂದರೆ ಲ್ಯಾಪ್‌ಟಾಪ್ ಮುಚ್ಚಿತ್ತು. ಮನೆಯಲ್ಲಿ ಅಥವಾ ತೋಟದಲ್ಲಿ ವೈಫೈ ಕ್ಯಾಮೆರಾ ಏನಾದರೂ ಇದೆಯೇ? ಆ ಆರು ಜೋಡಿಗಳಲ್ಲಿ ಮೊದಲ ಮೂರು ತಯಾರಕರ ಗುರುತು. ಅವನ್ನು ಇಂಟರ್ನೆಟ್‌ನಲ್ಲಿ ಹುಡುಕಿದರೆ ಸಾಧನದೊಳಗಿನ ವೈಫೈ ಚಿಪ್ ಯಾರದೆಂದಾದರೂ ತಿಳಿಯುತ್ತದೆ.

ಕ್ಯಾಮೆರಾದ ಲೆಕ್ಕ ಕಠಿಣವಲ್ಲ. ಸೆಕೆಂಡಿಗೆ 1 ಮೆಗಾಬಿಟ್ ವೇಗದಲ್ಲಿ ಒಂದು ಗಂಟೆ ಹರಿದರೆ 3,600 ಮೆಗಾಬಿಟ್. ಎಂಟು ಬಿಟ್‌ಗೆ ಒಂದು ಬೈಟಾದ್ದರಿಂದ 450 ಮೆಗಾಬೈಟ್. ಈ ಒಂದು ಗುಣಾಕಾರ ನೆನಪಿದ್ದರೆ ವಿಡಿಯೊ, ಕ್ಲಾಸು, ಕ್ಯಾಮೆರಾ ಎಲ್ಲದರ ಅಂದಾಜನ್ನೂ ಕೈಬೆರಳಲ್ಲೇ ಹಾಕಬಹುದು. ನಿಮ್ಮ 64 ಕೆಬಿಪಿಎಸ್‌ಗೂ ಅದೇ ಸೂತ್ರ: ಸೆಕೆಂಡಿಗೆ 8 ಕಿಲೋಬೈಟ್ ಮಾತ್ರ, ಅಂದರೆ ಒಂದು ಎಂಬಿಯ ಪುಟಕ್ಕೆ ಎರಡು ನಿಮಿಷಕ್ಕೂ ಮೇಲೆ. ನಿಮ್ಮ ಕಾಫಿ ತಣ್ಣಗಾಗುವುದು ಅದಕ್ಕೇ.

2,031ರ ವಿಷಯ: ರೂಟರ್‌ನ ಎಂಬಿ ಸಾವಿರದ್ದೋ 1,024ರದ್ದೋ ಎಂಬುದು ಪುಟದ ಮೇಲೆ ಬರೆದಿರುವುದಿಲ್ಲ. ಸಂದೇಶವೂ ಮಿತಿ ಮುಟ್ಟಿದ ಕ್ಷಣಕ್ಕೇ ಬಂದು ಬೀಳುವುದಿಲ್ಲ. ಹೀಗಾಗಿ ಎರಡು ಲೆಕ್ಕಕ್ಕೂ ಅದು ಹತ್ತಿರವೇ ಇದೆ. ಒಂದಕ್ಕೆ 31 ಹೆಚ್ಚು, ಇನ್ನೊಂದಕ್ಕೆ 17 ಕಡಿಮೆ. ನೂರಕ್ಕೆ ಎರಡರೊಳಗಿನ ವ್ಯತ್ಯಾಸದ ಬೆನ್ನು ಹತ್ತಿ ನಿದ್ದೆಗೆಡಬೇಡಿ.

ಪ್ರಶ್ನೆ ಕೇಳಿದವರಿಂದ
ಬರೆದವರು: ತೋಟದಮನೆ, ಹೊಳಲ್ಕೆರೆ ತಾಲ್ಲೂಕು

ಕ್ಯಾಮೆರಾ ಇದೆ. ಅದನ್ನು ಮೊದಲೇ ಹೇಳದಿದ್ದದ್ದು ನನ್ನ ತಪ್ಪು, ಆದರೆ ಅದು ಇಂಟರ್ನೆಟ್ ಬಳಸುತ್ತದೆ ಎಂಬುದೇ ನನ್ನ ತಲೆಯಲ್ಲಿರಲಿಲ್ಲ. ಕೊಯ್ಲು ಶುರುವಾದ ಮೇಲೆ ಕಣದಲ್ಲಿ ಒಣಹಾಕಿದ ಅಡಿಕೆಯ ಕಾವಲಿಗೆಂದು ಹಾಕಿಸಿದ್ದು, ಸರಿಯಾಗಿ ಮೂರು ವಾರದ ಹಿಂದೆ. ಎಲ್ಲವೂ ಮೆಮೊರಿ ಕಾರ್ಡಿಗೆ ಬರೆದುಕೊಳ್ಳುತ್ತದೆ, ನೀವು ಫೋನಿನಲ್ಲಿ ನೋಡಿದಾಗ ಮಾತ್ರ ಡೇಟಾ ಖರ್ಚು ಎಂದು ಜೋಡಿಸಿ ಹೋದ ಹುಡುಗ ಹೇಳಿದ್ದ. ಈಗ ಅದರ ಆ್ಯಪ್ ತೆರೆದು ಒಳಹೊಕ್ಕು ನೋಡಿದರೆ ಕ್ಲೌಡ್ ಸಂಗ್ರಹದ ಮೂವತ್ತು ದಿನಗಳ ಪುಕ್ಕಟೆ ಯೋಜನೆಯೊಂದು ತಾನಾಗಿಯೇ ಚಾಲೂ ಆಗಿ ಕುಳಿತಿದೆ. ಎದುರಿಗೆ ಏನಾದರೂ ಅಲುಗಿದರೆ ಸಾಕು, ಹತ್ತು ಸೆಕೆಂಡಿನ ತುಣುಕೊಂದನ್ನು ಮೇಲಕ್ಕೆ ಕಳಿಸುತ್ತದೆ.

ಮೊನ್ನೆ ರಾತ್ರಿ 12ರಿಂದ ಬೆಳಿಗ್ಗೆ 6ರವರೆಗೆ ಕಳಿಸಿದ ತುಣುಕುಗಳು 487. ಒಂದೊಂದೂ ಸುಮಾರು 1.2 ಎಂಬಿ, ಗುಣಿಸಿದರೆ 584. ಉಳಿದ ಇಪ್ಪತ್ತು ಫೋನ್‌ಗಳದ್ದಿರಬೇಕು. ಇಪ್ಪತ್ತು ಮೂವತ್ತನ್ನು ತೆರೆದು ನೋಡಿದೆ, ಎಲ್ಲದರಲ್ಲೂ ಒಂದೇ ದೃಶ್ಯ: ಅಡಿಕೆಗೆ ಹೊದಿಸಿದ ನೀಲಿ ಟಾರ್ಪಾಲಿನ ಒಂದು ಮೂಲೆ ಗಾಳಿಗೆ ಎದ್ದು ಪಟಪಟ ಬಡಿದು ಮತ್ತೆ ಮಲಗುವುದು. ನಮ್ಮ ಜಿಲ್ಲೆಯ ಗುಡ್ಡಗಳ ಮೇಲೆ ಸಾಲಾಗಿ ಗಾಳಿಯಂತ್ರ ನಿಲ್ಲಿಸಿದವರಿಗೆ ಈ ಗಾಳಿ ಕರೆಂಟು ಕೊಡುತ್ತದೆ, ನನಗೆ ಮಾತ್ರ ರಾತ್ರಿಗೆ ಅರ್ಧ ಜಿಬಿ ಹಾರಿಸಿಕೊಂಡು ಹೋಗಿದೆ.

ಕ್ಲೌಡನ್ನು ಪೂರ್ತಿ ನಿಲ್ಲಿಸೋಣವೆಂದರೆ ಮನೆಯವರು ಒಪ್ಪುತ್ತಿಲ್ಲ. ಕಳ್ಳ ಬಂದವನು ಕ್ಯಾಮೆರಾವನ್ನೇ ಕಿತ್ತುಕೊಂಡು ಹೋದರೆ ಮೆಮೊರಿ ಕಾರ್ಡೂ ಅದರೊಂದಿಗೇ ಹೋಗುತ್ತದೆ, ಆಮೇಲೆ ಯಾವ ಸಾಕ್ಷಿ ಉಳಿಯಿತು ಎಂಬ ಅವರ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ.

ಉತ್ತರ 6
ಬರೆದವರು: ಜೋಗಿಮಟ್ಟಿ ರಸ್ತೆ, ಚಿತ್ರದುರ್ಗ

ಮನೆಯವರ ಮಾತೇ ಸರಿ. ಕ್ಲೌಡ್ ಇರಲಿ, ಕ್ಯಾಮೆರಾ ಎಚ್ಚರಗೊಳ್ಳುವ ಕಾರಣವನ್ನು ಬದಲಿಸಿ. ಈಚಿನ ಬಹಳಷ್ಟು ಕ್ಯಾಮೆರಾಗಳಲ್ಲಿ ಯಾವುದೇ ಚಲನೆಗೆ ಬದಲು ಮನುಷ್ಯಾಕೃತಿ ಕಂಡಾಗ ಮಾತ್ರ ದಾಖಲಿಸುವ ಆಯ್ಕೆ ಇರುತ್ತದೆ. ಅದಿಲ್ಲದಿದ್ದರೆ ಚಿತ್ರದ ಮೇಲೆ ಚೌಕ ಎಳೆದು ಇಷ್ಟು ಭಾಗವನ್ನು ಮಾತ್ರ ಗಮನಿಸು ಎಂದು ಹೇಳಬಹುದು. ಕಣಕ್ಕೆ ಬರುವ ದಾರಿಯನ್ನು ಚೌಕದೊಳಗೆ ಇಟ್ಟು ಟಾರ್ಪಾಲನ್ನು ಹೊರಗೆ ಬಿಡಿ. ಟಾರ್ಪಾಲಿನ ಮೂಲೆಗೆ ನಾಲ್ಕು ಕಲ್ಲು ಹೇರುವುದೂ ತಂತ್ರಜ್ಞಾನವೇ. ಒಪ್ಪಿಕೊಳ್ಳುತ್ತೇನೆ, ನನ್ನ ಉಪಾಯದಂತೆ ಮಧ್ಯಾಹ್ನ ಒಂದೊಂದಾಗಿ ಆರಿಸಿದ್ದರೂ ನೀವು ಇದನ್ನು ಕಂಡುಹಿಡಿಯುತ್ತಿರಲಿಲ್ಲ, ಏಕೆಂದರೆ ಆರಿಸಬೇಕಾದ ಸಾಧನ ನಿಮ್ಮ ಪಟ್ಟಿಯಲ್ಲೇ ಇರಲಿಲ್ಲ.

ಉತ್ತರ 7
ಬರೆದವರು: ಶೇಂಗಾ ಹೊಲ, ಚಳ್ಳಕೆರೆ

ಬದಲಿಸಿದ ಮೇಲೆ ಕನಿಷ್ಠ ಮೂರು ರಾತ್ರಿ ಅಳೆದು ಹೇಳಿ. ಒಂದು ರಾತ್ರಿ ಗಾಳಿಯೇ ಬೀಸದಿದ್ದರೆ ನಿಮ್ಮ ಬದಲಾವಣೆ ಫಲಿಸಿತೋ ಗಾಳಿ ನಿಂತಿತೋ ತಿಳಿಯುವುದಿಲ್ಲ.

ಪ್ರಶ್ನೆ ಕೇಳಿದವರಿಂದ
ಬರೆದವರು: ತೋಟದಮನೆ, ಹೊಳಲ್ಕೆರೆ ತಾಲ್ಲೂಕು

ಮನುಷ್ಯಾಕೃತಿಯ ಆಯ್ಕೆ ನಮ್ಮ ಕ್ಯಾಮೆರಾದಲ್ಲಿತ್ತು, ಹಾಕಿದೆ. ದಾರಿಯ ಕಡೆಗೆ ಚೌಕವನ್ನೂ ಎಳೆದೆ. ಎರಡೂ ಫೋನ್‌ಗಳಲ್ಲಿ ಮತ್ತು ಲ್ಯಾಪ್‌ಟಾಪ್‌ನಲ್ಲಿ ಈ ವೈಫೈಯನ್ನು ಮೀಟರ್ಡ್ ಮಾಡಿದೆ. ಮೂರು ರಾತ್ರಿಯೂ ಗಾಳಿ ಹಿಂದಿನಂತೆಯೇ ಬೀಸುತ್ತಿತ್ತು. ರಾತ್ರಿ 12ರಿಂದ ಬೆಳಿಗ್ಗೆ 6ರವರೆಗೆ ರೂಟರ್ ತೋರಿಸಿದ ಒಟ್ಟು ಅಂಕಿ ಕ್ರಮವಾಗಿ 29, 44 ಮತ್ತು 31 ಎಂಬಿ. ಶೇ 50ರ ಸಂದೇಶ ಈಗ ಮಧ್ಯಾಹ್ನ ಮೂರರ ನಂತರ ಬರುತ್ತಿದೆ, ನಿನ್ನೆ ರಾತ್ರಿ ಹತ್ತೂವರೆಗೆ ಇನ್ನೂ 310 ಎಂಬಿ ಉಳಿದಿತ್ತು. ದಾವಣಗೆರೆಯ ಹಾಸ್ಟೆಲಿನಲ್ಲಿರುವ ಮಗಳು ಭಾನುವಾರ ಬರುತ್ತಾಳೆ; ಅವಳಿದ್ದ ದಿನದ ಲೆಕ್ಕವನ್ನು ಬೇರೆಯಾಗಿಯೇ ಬರೆಯಬೇಕಾಗುತ್ತದೆ.

ಎರಡನೆಯ ರಾತ್ರಿ ಮಾತ್ರ 44 ಏಕೆ ಎಂದು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಆ ರಾತ್ರಿ ಕ್ಯಾಮೆರಾ 13 ತುಣುಕುಗಳನ್ನು ಕಳಿಸಿದೆ. ಹದಿಮೂರರಲ್ಲೂ ಇರುವವನು ನಾನೇ, ಎರಡು ಗಂಟೆಯ ಹೊತ್ತಿನಲ್ಲಿ ಕೈಯಲ್ಲಿ ಬ್ಯಾಟರಿ ಹಿಡಿದು ಟಾರ್ಪಾಲಿನ ಮೂಲೆಗೆ ಕಲ್ಲು ಹೇರುತ್ತಿದ್ದೇನೆ.